ಅಪಾಗೆ ಮಣ್ಣು ಕೊಟ್ಟವರು

ಅಪಾ ತೀರಿಕೊಂಡದ್ದು ಜುಲೈ ತಿಂಗಳ ಒಂದು ಶನಿವಾರ ಬೆಳಗ್ಗೆ, ಚಹಾದ ಬಟ್ಟಲು ಕೈಯಲ್ಲಿರುವಾಗಲೇ. ನಾನು ಒಳಗೆ ಹೊಲಿಗೆ ಯಂತ್ರದ ಮುಂದಿದ್ದೆ. "ಇನ್ನೊಂದು ಸ್ವಲ್ಪ ಚಹಾ ಬಗ್ಗಿಸ್ಲಾ ಅಪಾ?" ಅಂತ ಕೂಗಿದೆ. ಉತ್ತರ ಬರಲಿಲ್ಲ. ನಿದ್ದೆ ಹತ್ತಿರಬೇಕು ಅಂದುಕೊಂಡು, ಹೊಲಿಯುತ್ತಿದ್ದ ತೋಳನ್ನು ಮುಗಿಸಿಯೇ ಎದ್ದೆ. ಹೋಗಿ ನೋಡಿದರೆ ಬಟ್ಟಲು ಮಡಿಲಲ್ಲಿ ಮಗುಚಿಕೊಂಡಿತ್ತು. ಅಪಾ ಹೋಗಿಬಿಟ್ಟಿದ್ದರು.

ನನಗೆ ಅಳು ಬರಲಿಲ್ಲ, ಸುಸ್ತು ಬಂತು. 'ದೇವರೇ, ಇದೂ ಈಗಲೇ ಆಗಬೇಕಿತ್ತಾ' ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಅಂದುಕೊಂಡದ್ದು ನಿಜ.

ಅವರ ಹೆಸರು ಜೂರಾಕಾನ್. ನನ್ನ ಗಂಡ ಮೆದೆರರ ತಾಯಿ. ಎಪ್ಪತ್ತೆಂಟು ವಯಸ್ಸು. ಅಮ್ಮ ಅನ್ನುವ ಹಾಗೆ ಎಲ್ಲರೂ ಅಪಾ ಅಂತಲೇ ಕರೆಯುತ್ತಿದ್ದರು. ಮೆದೆರ್ ಮೊದಲು ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಆಮೇಲೆ ನಮ್ಮ ಸಣ್ಣ ಕ್ರೈಸ್ತ ಸಭೆಯ ಪಾಲಕರಾದರು. ಸಭೆ ಅಂದರೆ ದೊಡ್ಡ ಕಟ್ಟಡವೇನಲ್ಲ, ಕಿರ್ಗಿಜ್ ನಾಡಿನ ಓಷ್ ಪಟ್ಟಣದಲ್ಲಿ ಹೊಳೆಯ ಈಚೆಗಿರುವ ನಮ್ಮ ಮನೆಯ ಮುಂದಿನ ಕೋಣೆ, ಬೇಸಿಗೆಯಲ್ಲಿ ಅಂಗಳ. ನಲವತ್ತೊಂದು ಜನ ಇದ್ದೆವು. ಅರ್ಧಕ್ಕರ್ಧ ನಮ್ಮಂಥ ಕಿರ್ಗಿಜರು, ಉಳಿದವರು ಉಜ್ಬೆಕರು, ಮೂರು ಮಂದಿ ರಷ್ಯನ್ನರು, ಒಬ್ಬರು ಜರ್ಮನ್ ಮುದುಕಿ. ಹೊರಗೆ ಹೊಳೆಯ ಎರಡು ದಡದವರು ಏನೇ ಅನ್ನಲಿ, ಭಾನುವಾರ ನಾವು ಒಂದೇ ಜಮಖಾನದ ಮೇಲೆ ಕೂರುತ್ತಿದ್ದೆವು. ಅದಕ್ಕೆ ನಮಗೆ ಸ್ವಲ್ಪ ಜಂಬವೂ ಇತ್ತು.

ಅಪಾ ಹೋದ ದಿನಕ್ಕೆ ಗಲಭೆಯಾಗಿ ಐದು ವಾರ. ಜೂನ್ ತಿಂಗಳ ಆ ನಾಲ್ಕು ದಿನ ಕಿರ್ಗಿಜರೂ ಉಜ್ಬೆಕರೂ ಒಬ್ಬರ ಮೇಲೊಬ್ಬರು ಬಿದ್ದರು. ಬೀದಿಗೆ ಬೀದಿಯೇ ಸುಟ್ಟುಹೋಯಿತು. ಅದಾದ ಮೇಲೆ ನಮ್ಮ ಉಜ್ಬೆಕ್ ವಿಶ್ವಾಸಿಗಳಲ್ಲಿ ಒಬ್ಬರೂ ಸೇತುವೆ ದಾಟಿ ಈಚೆ ಬರಲಿಲ್ಲ. ಕಿರ್ಗಿಜರಲ್ಲೂ ಅರ್ಧ ಜನ ಊರು ಬಿಟ್ಟಿದ್ದರು.

ಅಪಾ ದಿನಾ ಬೆಳಗ್ಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಒಯ್ದಿನ್ ಬಂದಿಲ್ವಾ?"

ಒಯ್ದಿನ್ ಅಂದರೆ ಆಚೆ ಮೊಹಲ್ಲಾದ ರೊಟ್ಟಿ ಅಂಗಡಿಯ ಹಮ್ದಮನ ಹೆಂಡತಿ, ನಮ್ಮ ಸಭೆಯವಳೇ. ಮೆದೆರ್ ಹತ್ತು ವರ್ಷ ಬೋಧಿಸಿದರೂ ಅಪಾ ಕಿವಿಗೆ ಹಾಕಿಕೊಂಡಿರಲಿಲ್ಲ. ಅವರಿಗೆ ಸೊಂಟ ಮುರಿದಾಗ ಒಯ್ದಿನ್ ಒಂದು ಚಳಿಗಾಲವಿಡೀ ಬಂದು ಕಾಲು ಒತ್ತಿ, ತಲೆ ಬಾಚಿ, ಪಕ್ಕದಲ್ಲಿ ಕೂತು ಮೆಲ್ಲಗೆ ಪ್ರಾರ್ಥಿಸಿ ಹೋಗುತ್ತಿದ್ದಳು. ವಸಂತ ಬಂದಾಗ ಅಪಾ ಮಗನನ್ನು ಕರೆದು, "ನಿನ್ನ ಮಾತಿಂದ ಅಲ್ಲ, ಸುಮ್ನೆ ಹಿಗ್ಗಬೇಡ. ಆ ಉಜ್ಬೆಕ್ ಹುಡುಗಿ ನಂಬೋ ದೇವರನ್ನ ನಾನೂ ನಂಬ್ತೀನಿ" ಅಂದರು. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಹಲ್ಲು ಕಟಕಟ ಅನ್ನುತ್ತಿದ್ದರೂ ನೀರಿನಿಂದ ನಗುತ್ತಲೇ ಎದ್ದು ಬಂದರು.

ಆ ಬೆಳಗ್ಗೆ ಮೆದೆರ್ ಊರಿಗೆ ಫೋನ್ ಮಾಡಿದರು. ಬೆಟ್ಟದ ಮೇಲೆ ಎರಡು ಗಂಟೆಯ ದಾರಿ ನಮ್ಮೂರು. ಅಲ್ಲಿ ಮಾವನ ಗೋರಿಯ ಪಕ್ಕದಲ್ಲಿ ಅಪಾಗೆ ಜಾಗ ಬಿಟ್ಟಿತ್ತು. ಮೆದೆರರ ಅಣ್ಣ ಅಸನ್‌ಕುಲ್ ಭಾವ ಫೋನಿನಲ್ಲೇ ಅತ್ತರು. "ಕರ್ಕೊಂಡು ಬಾ, ಅಮ್ಮನ್ನ ಮಲಗಿಸೋಕೆ ಡೇರೆ ಎತ್ತಿಸ್ತೀನಿ" ಅಂದರು. ನಮ್ಮ ಸಭೆಯ ತೊಲೊಗೊನ್ ತನ್ನ ವ್ಯಾನು ತಂದ. ಅಪಾನನ್ನು ಹಾಸಿಗೆ ಸಮೇತ ಮಲಗಿಸಿ ಹೊರಟೆವು. ದಾರಿಯಲ್ಲಿ ಮೂರು ಕಡೆ ಸೈನಿಕರು ನಿಲ್ಲಿಸಿದರು. ಮೂರು ಕಡೆಯೂ ಅಪಾನ ಮುಖದ ಬಟ್ಟೆ ಸರಿಸಿ ತೋರಿಸಬೇಕಾಯಿತು.

ಊರಿನ ಬಾಗಿಲಲ್ಲಿ ಭಾವ ನಿಂತಿದ್ದರು. ಜೊತೆಗೆ ಏಳೆಂಟು ಗಂಡಸರು, ಮುದಿ ಮುಲ್ಲಾ. ಡೇರೆ ಎಲ್ಲೂ ಕಾಣಲಿಲ್ಲ.

ಮುಲ್ಲಾ ಕೆಟ್ಟವನಲ್ಲ. ಮೆದೆರರ ಎರಡೂ ಕೈ ಹಿಡಿದುಕೊಂಡ. "ನಿಮ್ಮಮ್ಮನ ಕೈಯಿಂದ ಎಷ್ಟು ಸಲ ಉಂಡಿದೀನೋ ನನಗೇ ಗೊತ್ತಿಲ್ಲ ಮೆದೆರ್. ಬೇರೆ ವರ್ಷ ಆಗಿದ್ರೆ ನಾನು ಆ ಕಡೆ ಮುಖ ಮಾಡ್ಕೊಂಡು ಕೂತ್ಬಿಡ್ತಿದ್ದೆ, ನೀವು ಈ ಕಡೆ ಮಣ್ಣು ಮಾಡ್ಕೊಂಡು ಹೋಗ್ತಿದ್ರಿ. ಈ ವರ್ಷ ಹಾಗಲ್ಲ ಕಣಪ್ಪ. ಪಟ್ಟಣದಿಂದ ಈ ಊರಿಗೂ ಎರಡು ಹೆಣ ಬಂದಿದೆ. ಹುಡುಗರ ತಲೆ ಕಾದ ಬಾಣಲೆ ಆಗಿದೆ. ಧರ್ಮ ಬಿಟ್ಟೋಳನ್ನ ಇಲ್ಲಿ ಹೂತ್ರೆ ಸಂಜೆಗೆ ಅಗೆದು ಆಚೆ ಹಾಕ್ತಾರೆ. ಅದನ್ನ ನೋಡ್ತೀಯಾ ನೀನು?"

ಭಾವ ಮೆದೆರರನ್ನು ಪಕ್ಕಕ್ಕೆ ಕರೆದರು. ನಾನೂ ಹಿಂದೆ ಹೋದೆ.

"ಒಂದು ದಾರಿ ಇದೆ" ಅಂದರು ಭಾವ. "ಎಲ್ಲರ ಮುಂದೆ ನೀನು ಕಲ್ಮಾ ಓದು. ಅಮ್ಮಂಗೆ ವಯಸ್ಸಾಗಿತ್ತು, ಬುದ್ಧಿ ಸರಿ ಇರಲಿಲ್ಲ, ಯಾರೋ ತಲೆ ಕೆಡಿಸಿದ್ರು ಅನ್ನು. ಅಷ್ಟೇ. ನಾನೇ ಗುಂಡಿ ತೋಡ್ತೀನಿ."

ನಾನು ಮೆದೆರರ ತೋಳು ಜಗ್ಗಿದೆ. "ಹೇಳಿಬಿಡಿ ರೀ. ನಿಮ್ಮ ಮನಸ್ಸಲ್ಲಿ ಏನಿದೆ ಅಂತ ದೇವರಿಗೆ ಗೊತ್ತಿಲ್ವಾ? ಬಿಸಿಲು ಏರ್ತಿದೆ."

"ಅಮ್ಮನ ಬುದ್ಧಿ ಸರಿಯಾಗೇ ಇತ್ತು ಅಣ್ಣ" ಅಂದರು ಮೆದೆರ್, ಜೋರಾಗಿಯೇನಲ್ಲ. "ನನಗಿಂತ ಸರಿಯಾಗಿತ್ತು. ಅವಳು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದ್ದನ್ನ ನಾನು ವಾಪಸ್ ತಗೊಳ್ಳೋಕೆ ಆಗಲ್ಲ. ಅದು ನನ್ನ ಮಾತಲ್ಲ, ಅವಳದ್ದು."

"ಹಾಗಾದ್ರೆ ತಗೊಂಡು ಹೋಗು. ನಿನ್ನ ಕಾಲಿಗೆ ಬೀಳ್ತೀನಿ, ತಗೊಂಡು ಹೋಗು."

ವ್ಯಾನು ತಿರುಗುವಾಗ ಭಾವ ಕೋಲಿಗೆ ಒರಗಿ ನಿಂತು, ನಮ್ಮ ಗಂಡಸರು ಸಾವಿನ ಮನೆಯ ಮುಂದೆ ಕೂಗಿ ಅಳುವ ಹಾಗೆ ಅಳುತ್ತಿದ್ದರು. ನಾನು ಇಡೀ ದಾರಿ ಗಂಡನ ಜೊತೆ ಮಾತಾಡಲಿಲ್ಲ. ಒಂದೇ ಒಂದು ಮಾತಿಗೆ ಇಷ್ಟು ಹಟವಾ ಅಂತ ಸಿಟ್ಟು.

ಮಧ್ಯಾಹ್ನ ಮನೆ ಮುಟ್ಟಿದಾಗ ಲಿಡಿಯಾ ಕಾರ್ಲೊವ್ನಾ ಗೇಟಿನ ಹತ್ತಿರ ಕಾದಿದ್ದರು. ನಾನು ಹೇಳಿದ ಜರ್ಮನ್ ಮುದುಕಿ ಅವರೇ. ಯುದ್ಧಕಾಲದಲ್ಲಿ ಗಡೀಪಾರಾಗಿ ರೈಲಿನಲ್ಲಿ ಇಲ್ಲಿಗೆ ಬಂದವರ ಮಗಳು. ಮಕ್ಕಳೆಲ್ಲ ಜರ್ಮನಿಗೆ ಹೋದರೂ ಇವರು ಹೋಗಿರಲಿಲ್ಲ. ನಡೆದದ್ದನ್ನು ತೊಲೊಗೊನ್ ಹೇಳಿದ. ಲಿಡಿಯಾ ಬಾಯಿ ಚಪ್ಪರಿಸಿದರು.

"ಹಳೇ ಕ್ರೈಸ್ತ ಸ್ಮಶಾನದಲ್ಲಿ ನನ್ನ ಗಂಡ ಗೆನ್ರಿಖ್ ಪಕ್ಕ ನನಗೆ ಅಂತ ಜಾಗ ಬಿಟ್ಟಿದೀನಿ" ಅಂದರು. "ಕಬ್ಬಿಣದ ಬೇಲಿ ಹಾಕ್ಸಿ ಹತ್ತೊಂಬತ್ತು ವರ್ಷ ಆಯ್ತು. ಅಲ್ಲಿ ಮಲಗಿಸಿ ಜೂರಾನ್ನ."

"ಮತ್ತೆ ನೀವು?" ಅಂದರು ಮೆದೆರ್.

"ನನ್ನ ಮಗಳು ವಾರಕ್ಕೆ ಮೂರು ಸಲ ಫೋನ್ ಮಾಡಿ ಬಾ ಬಾ ಅಂತ ಪ್ರಾಣ ತಿಂತಾಳೆ. ಇಲ್ಲಿರೋಕೆ ಆ ಜಾಗ ಒಂದೇ ನೆಪ ಆಗಿತ್ತು ನನಗೆ. ಹೋಗ್ಲಿ ಬಿಡು. ಗೆನ್ರಿಖ್ ಮೂವತ್ತು ವರ್ಷ ನನ್ನ ಬೈಗುಳ ಕೇಳಿದಾನೆ. ಇನ್ನು ಸ್ವಲ್ಪ ದಿನ ಕಿರ್ಗಿಜ್ ಬೈಗುಳ ಕೇಳಲಿ."

ಐದು ವಾರದಲ್ಲಿ ಮೊದಲ ಸಲ ನಾನು ನಕ್ಕೆ. ನಗುತ್ತಲೇ ಅಳುವೂ ಬಂತು.

ಜಾಗವೇನೋ ಸಿಕ್ಕಿತು. ಅಗೆಯುವವರು ಯಾರು? ಊರಿನ ನೆಂಟರು ಬರುವಂತಿಲ್ಲ. ಮೆದೆರರಿಗೆ ಹಿಂದಿನ ಚಳಿಗಾಲದಲ್ಲಷ್ಟೇ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿತ್ತು. ತೊಲೊಗೊನ್ ಒಬ್ಬ ಗಟ್ಟಿಮುಟ್ಟು. ಉಳಿದವರು ಎಪ್ಪತ್ತು ದಾಟಿದ ಇಬ್ಬರು. ಜುಲೈ ತಿಂಗಳ ನೆಲ ಕಲ್ಲಿನ ಹಾಗಿತ್ತು. ಆ ಸೆಕೆಯಲ್ಲಿ ಅಪಾನನ್ನು ಮರುದಿನ ಬೆಳಗ್ಗೆಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗೂ ಇರಲಿಲ್ಲ.

ನಾನು ತಲೆಗೆ ಬಟ್ಟೆ ಕಟ್ಟಿಕೊಂಡು, "ಒಯ್ದಿನಕ್ಕಂಗೆ ಹೇಳಿ ಬರ್ತೀನಿ" ಅಂದೆ. ಮೆದೆರ್ ತಲೆಯೆತ್ತಿ ನೋಡಿದರು. ಗಲಭೆಯಾದ ಮೇಲೆ ಅವರು ಎರಡು ಸಲ ಆಚೆ ಹೋಗಿ ಬಂದಿದ್ದರು. ಮೊದಲ ಸಲ ಮೊಹಲ್ಲಾದವರು ಬೀದಿಗೆ ಅಡ್ಡ ಹಾಕಿದ್ದ ಮರದ ದಿಮ್ಮಿಗಳ ಹತ್ತಿರವೇ ತಡೆದು ಕಳಿಸಿದರು. ಎರಡನೇ ಸಲ ಹಮ್ದಮ್ ಚಹಾ ಕೊಟ್ಟ, ಒಂದು ಮಾತೂ ಆಡಲಿಲ್ಲ. "ನಾನೂ ಬರ್ಲಾ?" ಅಂತ ಕೇಳಿದರು. ಬೇಡ ಅಂದೆ. ಕಾರಣ ಬೇರೆಯೇ ಇತ್ತು.

ಗಲಭೆಯ ಶುಕ್ರವಾರ ಮಧ್ಯಾಹ್ನ ಮೆದೆರರ ಫೋನು ಹೊಲಿಗೆ ಯಂತ್ರದ ಪಕ್ಕದಲ್ಲಿತ್ತು. ಅವರು ಹೊರಗೆ ಗೇಟಿಗೆ ಹಲಗೆ ಹೊಡೆಯುತ್ತಿದ್ದರು. ತೊಲೊಗೊನ್‌ನ ವ್ಯಾನು ನಮ್ಮ ಅಂಗಳದಲ್ಲೇ ನಿಂತಿತ್ತು. ಫೋನು ಬಡಿದುಕೊಂಡಿತು. ಹಮ್ದಮನ ಹೆಸರು ಕಂಡಿತು. ಯಾಕೆ ಮಾಡುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಕಿರ್ಗಿಜ್ ಮುಖದವರು ಗಾಡಿ ಓಡಿಸಿಕೊಂಡು ಹೋದರೆ ಆ ಮನೆಯವರನ್ನು ಹೊರಗೆ ತರಬಹುದಿತ್ತು. ಫೋನು ಕೊಟ್ಟರೆ ಮೆದೆರ್ ಹೋಗುತ್ತಾರೆ, ಹೋದರೆ ವಾಪಸ್ ಬರುವುದಿಲ್ಲ ಅಂತ ನನಗನ್ನಿಸಿತು. ನಾನು ಕರೆ ಕತ್ತರಿಸಿ ಫೋನನ್ನೇ ಆರಿಸಿದೆ. ಕರೆಂಟು ಇರಲಿಲ್ಲವಲ್ಲ, ಚಾರ್ಜ್ ಮುಗಿದಿದೆ ಅಂತ ಸಂಜೆ ಹೇಳಿದೆ. ಅಪಾ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡಿದ್ದರು. ಏನೂ ಅನ್ನಲಿಲ್ಲ. ಮರುದಿನದಿಂದ ಮಾತ್ರ ಆ ಪ್ರಶ್ನೆ ಶುರುವಾಯಿತು, ಒಯ್ದಿನ್ ಬಂದಿಲ್ವಾ ಅಂತ. ಅದು ಬರೀ ಪ್ರಶ್ನೆಯೋ ಅಥವಾ ನನಗೆ ಚುಚ್ಚಿದ ಮಾತೋ, ಇವತ್ತಿಗೂ ತಿಳಿಯದು.

ಸೇತುವೆ ದಾಟಿ ಮೊಹಲ್ಲಾಕ್ಕೆ ಹೋದೆ. ಗೋಡೆಗಳು ಮಾತ್ರ ನಿಂತಿದ್ದವು, ಮೇಲೆ ಆಕಾಶ. ಒಡೆದ ಅಂಗಳಗಳಲ್ಲಿ ಬಿಳಿ ಡೇರೆಗಳು. ನನ್ನ ಮುಖ ನೋಡಿ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಮುದುಕಿ ನೆಲಕ್ಕೆ ಉಗಿದಳು. ನಡೆಯುತ್ತಲೇ ಹೋದೆ.

ಒಯ್ದಿನಕ್ಕ ತಮ್ಮ ಸುಟ್ಟ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಳೆಯ ಇಟ್ಟಿಗೆಗಳಿಗೆ ಅಂಟಿದ ಗಾರೆಯನ್ನು ಕತ್ತಿಯಿಂದ ಕೆರೆದು ಒಂದರ ಮೇಲೊಂದು ಪೇರಿಸುತ್ತಿದ್ದಳು. ನನ್ನನ್ನು ನೋಡಿದಳು. ಕೆಲಸ ನಿಲ್ಲಿಸಲಿಲ್ಲ.

"ಅಪಾ ಹೋದ್ರು, ಒಯ್ದಿನಕ್ಕ" ಅಂದೆ.

ಕತ್ತಿ ನಿಂತಿತು. "ಯಾವಾಗ?"

"ಇವತ್ತು ಬೆಳಗ್ಗೆ. ಚಹಾ ಕುಡೀತಾ."

"ನೋವು ತಿಂದ್ರಾ?"

"ಇಲ್ಲ."

ಅವಳು ತಲೆಬಟ್ಟೆಯ ತುದಿಯಿಂದ ಮುಖ ಒರೆಸಿಕೊಂಡು ಮತ್ತೊಂದು ಇಟ್ಟಿಗೆ ಎತ್ತಿಕೊಂಡಳು. ಊರವರು ವಾಪಸ್ ಕಳಿಸಿದ್ದು, ಲಿಡಿಯಾ ಜಾಗ ಕೊಟ್ಟದ್ದು, ಎಲ್ಲ ಹೇಳಿದೆ. ಕೇಳಿದಳು. ಆಮೇಲೂ ನಿಂತೇ ಇದ್ದೆ.

"ಇನ್ನೇನು?" ಅಂದಳು.

"ಆ ಶುಕ್ರವಾರ ಹಮ್ದಮ್ ಫೋನ್ ಮಾಡಿದ್ದು... ಮೆದೆರ್‌ಗೆ ಗೊತ್ತೇ ಇಲ್ಲ. ಕತ್ತರಿಸಿದ್ದು ನಾನು."

ಅವಳು ಇಟ್ಟಿಗೆಯನ್ನು ಪೂರ್ತಿ ಕೆರೆದು ಮುಗಿಸಿದಳು. "ಎರಡು ಸಲ ಬಡ್ಕೊಂಡು ನಿಂತೋಯ್ತು" ಅಂದಳು ಕೊನೆಗೆ. "ಸತ್ತ ಫೋನು ಬಡ್ಕೊಳಲ್ಲ ಸೈರಾ. ಯಾರೋ ಕೈಯಿಂದ ಆರಿಸಿದಾರೆ ಅಂತ ನಮಗೆ ಆಗಲೇ ಗೊತ್ತಾಯ್ತು. ನನ್ನ ಗಂಡ ಅದು ಮೆದೆರಣ್ಣನೇ ಅಂದ್ಕೊಂಡಿದಾನೆ. ಐದು ವಾರದಿಂದ ಅದನ್ನೇ ಅಗೀತಿದಾನೆ."

"ನನಗೆ ಭಯ ಆಯ್ತಕ್ಕ."

"ನಮಗೇನು ಹಬ್ಬ ಆಗಿತ್ತಾ?" ಅವಳ ದನಿ ಏರಿತು, ಮತ್ತೆ ತಾನಾಗಿಯೇ ಇಳಿಯಿತು, ಏರಿಸಿ ಇಟ್ಟುಕೊಳ್ಳುವಷ್ಟು ಶಕ್ತಿ ಇಲ್ಲದವಳ ಹಾಗೆ. "ಹನ್ನೊಂದು ಜನಕ್ಕೆ ಫೋನ್ ಮಾಡಿದ ಅವನು. ಬಂದೋನು ಒಬ್ಬ. ಮೂಲೆ ಮನೆ ಕಿರ್ಗಿಜ್ ಲಾರಿ ಡ್ರೈವರ್. ಸಭೆ ಇಲ್ಲ, ಮಸೀದಿ ಇಲ್ಲ, ಮೂರು ಹೊತ್ತೂ ಕುಡಿಯೋನು. ನನ್ನನ್ನ, ಮಕ್ಕಳನ್ನ ಹೂಕೋಸಿನ ಬುಟ್ಟಿಗಳ ಕೆಳಗೆ ಮಲಗಿಸಿ ದಾಟಿಸ್ದ. ಹಮ್ದಮನನ್ನೂ ತಳ್ಳಿ ಹತ್ತಿಸ್ಕೊಂಡ. ನನ್ನ ಮೈದುನ ಜೋಕಿರ್‌ಗೆ ಜಾಗ ಇರ್ಲಿಲ್ಲ. ಇನ್ನೊಂದು ಗಾಡಿ ಇದ್ದಿದ್ರೆ..."

ಅಲ್ಲಿಗೇ ಬಿಟ್ಟಳು. ಜೋಕಿರ್ ಆ ಸಂಜೆ ಸತ್ತಿದ್ದ. ಅದು ನನಗೆ ಗೊತ್ತಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಒಯ್ದಿನಕ್ಕ ನನ್ನನ್ನು ಎಬ್ಬಿಸಲಿಲ್ಲ, ಬೈಯಲೂ ಇಲ್ಲ.

"ಮನೆಗೆ ಹೋಗು" ಅಂದಳು. "ಅಪಾನ್ನ ಬೆಳಗ್ಗೆ ನಾನು ಬಂದು ತೊಳೀತೀನಿ. ಅವರಿಗೋಸ್ಕರ ಬರ್ತೀನಿ. ನಿನಗೋಸ್ಕರ ಅಲ್ಲ. ಮತ್ತೆ, ಇದನ್ನ ನಿನ್ನ ಗಂಡಂಗೆ ನೀನೇ ಹೇಳು. ನನ್ನ ಗಂಡಂಗೆ ನಾನು ಹೇಳ್ತೀನಿ."

ಮನೆಗೆ ಬಂದಾಗ ಮೆದೆರ್ ಅಂಗಳದಲ್ಲಿ ಪಿಕಾಸಿಗೆ ಹೊಸ ಕಾವು ಸಿಕ್ಕಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಪಿಕಾಸಿ ಕೆಳಗಿಟ್ಟು, ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತರು. ಬೈಯುತ್ತಾರೆ ಅಂತ ಕಾದೆ. ಹೊಡೆದರೂ ಆದೀತು ಅನ್ನಿಸಿತ್ತು, ಹೊಡೆಯುವ ಮನುಷ್ಯ ಅಲ್ಲ ಅಂತ ಗೊತ್ತಿದ್ದೂ.

"ನೀನು ಫೋನ್ ಕೊಟ್ಟಿದ್ರೆ ಹೋಗ್ತಿದ್ದೆ ಅಂತ ಹೇಳೋಕೆ ಆಸೆ ಆಗತ್ತೆ" ಅಂದರು. "ಆದ್ರೆ ಗೊತ್ತಿಲ್ಲ ಸೈರಾ. ಐದು ವಾರದಿಂದ ನಾನು ಒಳಗೊಳಗೇ ದೇವರಿಗೆ ಸ್ತೋತ್ರ ಹೇಳ್ತಿದೀನಿ, ಸದ್ಯ ಚಾರ್ಜ್ ಮುಗಿದಿತ್ತಲ್ಲಾ ಅಂತ. ಚಾರ್ಜ್ ಇದೆಯಾ ಅಂತ ಆವತ್ತು ನಾನೂ ಒಂದು ಸಲ ನೋಡ್ಲಿಲ್ಲ. ನೋಡ್ಬಹುದಿತ್ತು."

ಅವತ್ತು ಸಂಜೆ ಇಬ್ಬರೂ ಊಟ ಮಾಡಲಿಲ್ಲ. ಪ್ರಾರ್ಥನೆಯೂ ಆಗಲಿಲ್ಲ. ಅಪಾನ ಮೈಮೇಲಿನ ಬಟ್ಟೆಗೆ ಸರದಿಯ ಮೇಲೆ ನೀರು ಚಿಮುಕಿಸುತ್ತಾ ಕೂತೆವು.

ಭಾನುವಾರ ಬೆಳಕು ಹರಿಯುತ್ತಲೇ ಗಂಡಸರು ಲಿಡಿಯಾರನ್ನು ಕರೆದುಕೊಂಡು ಸ್ಮಶಾನಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಒಯ್ದಿನಕ್ಕ ಬಂದಳು. ಕೈ ತೊಳೆದು, ತೋಳು ಮೇಲೆ ಮಾಡಿ, "ನೀರು ಕಾಯಿಸಿದೀಯಾ?" ಅಂದಳು. ಇಬ್ಬರೂ ಸೇರಿ ಅಪಾನನ್ನು ತೊಳೆದೆವು. ಬೇಕಾದಷ್ಟೇ ಮಾತು: ಎತ್ತು, ತಿರುಗಿಸು, ಆ ಬಟ್ಟೆ ಕೊಡು. ಜಡೆ ಹೆಣೆಯುವಾಗ ಮಾತ್ರ ಅವಳು ಅಪಾನ ಕಿವಿಯ ಹತ್ತಿರ ಬಾಗಿ, "ಬರ್ಬೇಕಿತ್ತು ನಾನು. ಬರೋಕೆ ಆಗ್ಲಿಲ್ಲ, ಅಪಾ" ಅಂದಳು. ಆಗ ನಾನು ಹೊರಗೆ ಹೋದೆ.

ಸ್ಮಶಾನದಲ್ಲಿ ನಡೆದದ್ದನ್ನು ತೊಲೊಗೊನ್ ಆಮೇಲೆ ಹೇಳಿದ. ಮೊದಲು ಕಾವಲುಗಾರ ಗೇಟು ತೆಗೆಯಲಿಲ್ಲವಂತೆ. ಅವನು ರಷ್ಯನ್, ಹಳೆಯ ಸಂಪ್ರದಾಯದ ಚರ್ಚಿನವನು. ಕಿರ್ಗಿಜ್ ಮುದುಕಿಗೆ ಇಲ್ಲೇನು ಕೆಲಸ, ನಿಮ್ಮದು ಯಾವ ಪಂಗಡ, ಕಾಗದ ಎಲ್ಲಿ ಅಂತ ಕೇಳಿದ. ಲಿಡಿಯಾ ಕಾರ್ಲೊವ್ನಾ ಕೋಲೂರಿಕೊಂಡು ಮುಂದೆ ಬಂದು, "ನಿನ್ನ ಮದುವೆಗೆ ಕೇಕು ಮಾಡ್ದೋಳು ನಾನು, ಗೊತ್ತಾ? ಆವಾಗ ನನ್ನ ಪಂಗಡ ಕೇಳ್ದ್ಯಾ? ಮೂರು ತುಂಡು ತಿಂದೆ" ಅಂದರಂತೆ. ಅವನು ಗೊಣಗುತ್ತಾ ಗೇಟು ತೆಗೆದ. ಆಮೇಲೆ ತಾನೇ ಒಂದು ಹಾರೆ ತಂದುಕೊಟ್ಟ, "ಇಲ್ಲಿ ಒಂದು ಗೇಣು ಕೆಳಗೆ ಬರೀ ಕಲ್ಲು, ನಿಮ್ಮ ಪಿಕಾಸಿಗೆ ಬಗ್ಗಲ್ಲ" ಅಂತ.

ಮೊಣಕಾಲಷ್ಟು ಆಳ ಹೋಗುವಷ್ಟರಲ್ಲಿ ಮೆದೆರ್ ಹೊಟ್ಟೆ ಹಿಡಿದುಕೊಂಡು ಕೂತರಂತೆ. ಆಗ ಹಮ್ದಮ್ ಬಂದ. ಜೊತೆಗೆ ನಮ್ಮ ಸಭೆಯ ಇನ್ನಿಬ್ಬರು ಉಜ್ಬೆಕರು, ಹೆಗಲ ಮೇಲೆ ಸನಿಕೆ. ಯಾರಿಗೂ ನಮಸ್ಕಾರ ಇಲ್ಲ. ಹಮ್ದಮ್ ಗುಂಡಿಗೆ ಇಳಿದು ಮೆದೆರರ ಕೈಯಿಂದ ಹಾರೆ ತೆಗೆದುಕೊಂಡ.

"ಹಮ್ದಮ್, ಆವತ್ತು ನನಗೆ ಗೊತ್ತಾಗಿದ್ರೂ..." ಅಂತ ಮೆದೆರ್ ಶುರು ಮಾಡಿದರು.

"ಒಯ್ದಿನ್ ಹೇಳಿದಾಳೆ" ಅಂದ ಹಮ್ದಮ್. "ಈಗ ಬೇಡ ಅಣ್ಣ. ಮೇಲೆ ಹೋಗಿ ಕೂತ್ಕೊಳಿ. ಹೊಲಿಗೆ ಬಿಟ್ರೆ ಇನ್ನೊಂದು ಗುಂಡಿ ತೋಡ್ಬೇಕಾಗತ್ತೆ."

ಎರಡೂವರೆ ಗಂಟೆ ಅಗೆದರು. ನಾವು ಅಪಾನನ್ನು ತಂದಾಗ ಗುಂಡಿ ಸಿದ್ಧವಾಗಿತ್ತು. ಹಮ್ದಮನ ಅಂಗಿ ಬೆನ್ನಿಗೆ ಅಂಟಿತ್ತು. ಮೆದೆರ್ ಬೋಧನೆ ಮಾಡಲಿಲ್ಲ, ಮಾಡುವ ಸ್ಥಿತಿಯಲ್ಲೂ ಇರಲಿಲ್ಲ. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಕಿರ್ಗಿಜ್ ಭಾಷೆಯಲ್ಲಿ ಶುರು ಮಾಡಿ ನಡುವೆಯೇ ನಿಲ್ಲಿಸಿದರು. ಹಮ್ದಮ್ ನೆಲ ನೋಡುತ್ತಲೇ ಅದನ್ನು ಉಜ್ಬೆಕ್ ಭಾಷೆಯಲ್ಲಿ ಮುಂದುವರಿಸಿದ. ಲಿಡಿಯಾ ತಮ್ಮ ಜರ್ಮನಿನಲ್ಲಿ ಒಬ್ಬರೇ ಮೊದಲಿಂದ ಹೇಳಿಕೊಳ್ಳುತ್ತಿದ್ದರು. ಎಲ್ಲರದೂ ಬೇರೆ ಬೇರೆ ಹೊತ್ತಿಗೆ ಮುಗಿಯಿತು. ಕಾವಲುಗಾರ ದೂರದಲ್ಲಿ ಟೊಪ್ಪಿ ತೆಗೆದು ತನ್ನ ಪದ್ಧತಿಯಂತೆ ಮೂರು ಸಲ ಶಿಲುಬೆ ಗುರುತು ಹಾಕಿಕೊಂಡ. ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದೆವು.

ಮನೆಯಲ್ಲಿ ಅಡುಗೆ ಇಟ್ಟಿದ್ದೆ. ಉಜ್ಬೆಕರು ಊಟಕ್ಕೆ ಬರಲಿಲ್ಲ. ಸನಿಕೆ ಒರೆಸಿಕೊಂಡು ಸೇತುವೆಯ ದಾರಿ ಹಿಡಿದರು. ಒಯ್ದಿನಕ್ಕನೂ ಅವರ ಹಿಂದೆ ಹೋದಳು.

ಮುಂದಿನ ಭಾನುವಾರ ಮೆದೆರ್ ಹಾಜರಿದ್ದ ಒಂಬತ್ತು ಮಂದಿಗೆ ಹೇಳಿದರು: "ಅವರು ಈ ಕಡೆ ಬರೋವರೆಗೂ ಕಾಯೋದು ಸಾಕು. ಇನ್ಮೇಲೆ ಸಭೆ ಆ ಕಡೆ. ಹಮ್ದಮನ್ನ ಕೇಳಿದೆ. 'ಸೂರಿಲ್ಲ, ಚಹಾ ಇದೆ, ಬರೋರು ಬರ್ಲಿ' ಅಂದ."

"ಕಲ್ಲು ಹೊಡೀತಾರೆ ಮೆದೆರಣ್ಣ" ಅಂದಳು ಒಬ್ಬಳು. ಇನ್ನೊಬ್ಬರು, "ನಮ್ಮೋರೂ ಸತ್ತಿದಾರೆ. ಅವರೂ ಬಂದು ಕ್ಷಮೆ ಕೇಳ್ಬೇಕಲ್ವಾ?" ಅಂದರು. ಆ ಮಾತೂ ಸುಳ್ಳಲ್ಲ. ಅವರ ಅಕ್ಕನ ಮಗ ಸತ್ತಿದ್ದ. ಮೆದೆರ್ ವಾದ ಮಾಡಲಿಲ್ಲ. "ನಾನು ಹೋಗ್ತೀನಿ" ಅಂದರು, ಅಷ್ಟೇ.

ಮೊದಲ ವಾರ ನಾಲ್ಕು ಜನ ಹೋದೆವು: ನಾವಿಬ್ಬರು, ತೊಲೊಗೊನ್, ಲಿಡಿಯಾ. ಕಲ್ಲೇನೂ ಬೀಳಲಿಲ್ಲ. ತಾಡಪಾಲಿನ ಕೆಳಗೆ ಇಟ್ಟಿಗೆ ರಾಶಿಯ ಪಕ್ಕ ಕೂತೆವು. ಹಾಡು ಸರಿಯಾಗಿ ಏಳಲೇ ಇಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಹಾಡುವುದು ಕಷ್ಟ. ಹಮ್ದಮನ ನೆರೆಯವರಿಗೆ ಅವನ ಮೇಲೂ ಕೋಪ. ಮೊದಲೇ ಧರ್ಮ ಬಿಟ್ಟವನು, ಈಗ ಕಿರ್ಗಿಜರನ್ನು ಕರೆದು ಚಹಾ ಕೊಡುತ್ತಾನೆ ಅಂತ. ಅವನಿಗೆ ಎರಡು ಕಡೆಯಿಂದಲೂ ಏಟು. ಆದರೂ ಮುಂದಿನ ವಾರ ಬರಬೇಡಿ ಅನ್ನಲಿಲ್ಲ.

ಒಂದೇ ರೊಟ್ಟಿ ಮುರಿದು ಎಲ್ಲರೂ ತಿನ್ನುವ ಪ್ರಭು ಭೋಜನ ಮಾತ್ರ ತಿಂಗಳುಗಟ್ಟಲೆ ಆಗಲಿಲ್ಲ. ಮೆದೆರರಿಗೆ ಮನಸ್ಸು ಬರುತ್ತಿರಲಿಲ್ಲ. "ಒಬ್ಬರಿಗೊಬ್ಬರು ನೆಟ್ಟಗೆ ಮಾತಾಡದೆ ಯಾವ ಮುಖ ಇಟ್ಕೊಂಡು ಆ ಮೇಜಿನ ಹತ್ರ ಹೋಗ್ಲಿ?" ಅನ್ನುತ್ತಿದ್ದರು. ಅಕ್ಟೋಬರಿನಲ್ಲಿ ಹಮ್ದಮ್ ಕೆಲಸಕ್ಕೆ ರಷ್ಯಕ್ಕೆ ಹೊರಟ. ಹೋಗುವ ಮುಂಚಿನ ಭಾನುವಾರ ಅವನೇ ಕೇಳಿದ: "ಇವತ್ತು ಕೊಡ್ತೀರಾ ಅಣ್ಣ?"

"ನಿನಗೆ ನನ್ನ ಮೇಲೆ ಸಿಟ್ಟು ಹೋಗಿದೆಯಾ?" ಅಂದರು ಮೆದೆರ್, ಎಲ್ಲರ ಮುಂದೆಯೇ.

ಹಮ್ದಮ್ ಯೋಚಿಸಿದ. "ಬೆಳಗ್ಗೆ ಹೋಗಿರತ್ತೆ, ಸಂಜೆಗೆ ಬಂದಿರತ್ತೆ. ಜೋಕಿರ್ ಕನಸಲ್ಲಿ ಬಂದ್ರೆ ಎರಡು ದಿನ ಇರತ್ತೆ. ಪೂರ್ತಿ ಹೋಗ್ಲಿ ಅಂತ ಕಾದ್ರೆ ನಾನು ಹಸಿದೇ ಸಾಯ್ತೀನಿ. ಕೊಡಿ."

ಮೆದೆರ್ ಕೊಟ್ಟರು. ನನ್ನ ಸರದಿ ಬಂದಾಗ ನಾನು ತಲೆ ತಗ್ಗಿಸಿ ಬೇಡ ಅಂದೆ. ಪಕ್ಕದಲ್ಲಿದ್ದ ಒಯ್ದಿನಕ್ಕ ಮೊಣಕೈಯಿಂದ ತಿವಿದು, "ತಗೋ, ಸುಮ್ನೆ ನಾಟಕ ಮಾಡ್ಬೇಡ. ಇಲ್ಲಿ ಯಾರು ತೊಳೆದ ಮುತ್ತು?" ಅಂತ ಗದರಿದಳು. ತೆಗೆದುಕೊಂಡೆ. ಅವಳು ನನ್ನನ್ನು ಕ್ಷಮಿಸಿದ್ದಾಳಾ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ. ಅವಳಾಗಿ ಹೇಳಿಯೂ ಇಲ್ಲ.

ಲಿಡಿಯಾ ಕಾರ್ಲೊವ್ನಾ ಮಗಳ ಹತ್ತಿರ ಜರ್ಮನಿಗೆ ಹೋದರು. ಈಗ ಭಾನುವಾರಕ್ಕೆ ಹದಿನಾಲ್ಕು ಮಂದಿ ಆಗುತ್ತೇವೆ. ಕೆಲವು ವಾರ ಹನ್ನೊಂದು. ಹಮ್ದಮನ ಮನೆಯ ಗೋಡೆ ಎದೆಯೆತ್ತರ ಎದ್ದಿದೆ, ಚಾವಣಿ ಆಗಿಲ್ಲ. ಮೆದೆರ್ ಮೊದಲಿನ ಹಾಗೆ ಉದ್ದ ಬೋಧಿಸುವುದಿಲ್ಲ. ಹದಿನೈದು ನಿಮಿಷಕ್ಕೆ ಪುಸ್ತಕ ಮುಚ್ಚಿ, ತೊಲೊಗೊನ್ ಜೊತೆ ಇಟ್ಟಿಗೆ ಎತ್ತಿಕೊಡಲು ಹೋಗುತ್ತಾರೆ. ಎತ್ತಬೇಡಿ ಅಂದರೂ ಕೇಳುವುದಿಲ್ಲ.

ಹೋದ ವಾರ ಹಿಮ ಬೀಳುವ ಹಾಗೆ ಮೋಡ ಕಟ್ಟಿತ್ತು. ನಾವು ಹೊರಟಾಗ ಒಯ್ದಿನಕ್ಕ ಬೀದಿಯ ಕೊಳಾಯಿಯವರೆಗೆ ಬಂದಳು. ಬಕೆಟ್ಟು ತುಂಬುವವರೆಗೂ ಇಬ್ಬರೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತೆವು.

"ಮುಂದಿನ ವಾರ ನಿಮ್ಮ ದೊಡ್ಡ ಪಾತ್ರೆ ತಗೊಂಡು ಬಾ" ಅಂದಳು. "ಬರೀ ಚಹಾಗೆ ಈ ಚಳಿ ಹೋಗಲ್ಲ. ಸಾರು ಮಾಡೋಣ. ಮಾಂಸ ಸಿಕ್ರೆ ತಾ, ಇಲ್ದಿದ್ರೆ ಆಲೂಗಡ್ಡೆ ಆಗತ್ತೆ."

"ಎಷ್ಟು ಜನಕ್ಕೆ?" ಅಂದೆ.

"ನನಗೇನು ಗೊತ್ತು" ಅಂದಳು ಒಯ್ದಿನಕ್ಕ. "ಇಪ್ಪತ್ತು ಜನಕ್ಕೆ ಇಡೋಣ. ಉಳಿದ್ರೆ ಆ ಲಾರಿ ಡ್ರೈವರ್‌ಗೆ ಕೊಡೋಣ."